ಪೆನ್ಸಿಲ್‌ನಲ್ಲಿ ಬರೆದ ತಾರೀಖು

ನಾಯಿ-ಬೆಕ್ಕುಗಳ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಅಕ್ಕನಿಗೆ ಮನುಷ್ಯರ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲ. “ಗುಂಡನ ಅಪ್ಪ ಯಾರ್ರೀ? ಒಳಗೆ ಬನ್ನಿ” ಎಂದು ಕೂಗಿದರೆ ನ್ಯಾಯಾಧೀಶರೂ ತೆಪ್ಪಗೆ ಎದ್ದು ಬರಬೇಕು. ಗುರುಗುಟ್ಟುವ ನಾಯಿಯನ್ನು “ಯಾರ ಮೇಲೋ ಸಿಟ್ಟು, ರಾಜಾ?” ಎಂದು ಮುದ್ದಿಸುವ ಇವಳೇ, ಚುಚ್ಚುಮದ್ದಿಗೆ ಒಂದು ದಿನ ತಡವಾಗಿ ಬಂದವರ ಬೆವರಿಳಿಸುತ್ತಾಳೆ: “ಅದಕ್ಕೆ ಬಾಯಿಲ್ಲ ಸರಿ, ನಿಮ್ಮನೇಲಿ ಕ್ಯಾಲೆಂಡರೂ ಇಲ್ವಾ?” ಎಲ್ಲರ ಕಾರ್ಡಿನಲ್ಲೂ ಮುಂದಿನ ತಾರೀಖನ್ನು ಪೆನ್ನಿನಲ್ಲಿ ಒತ್ತಿ ಬರೆಯುತ್ತಾಳೆ, ಒಂದರಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ. ಅದು ನಾಲ್ಕು ವರ್ಷದ ಹಿಂದೆ ಕಿಟಕಿಯಿಂದ ಹಾರಿಹೋಗಿ ಇನ್ನೂ ಮನೆಗೆ ಬಾರದ ಅವಳದೇ ಬೆಕ್ಕಿನ ಕಾರ್ಡು. ಪ್ರತಿ ವರ್ಷವೂ ಆ ದಿನ ಕಳೆದ ಮೇಲೆ ತಾರೀಖನ್ನು ಅಳಿಸಿ, ಸವೆದು ತೆಳ್ಳಗಾದ ಆ ಜಾಗದಲ್ಲೇ ಮುಂದಿನ ವರ್ಷದ್ದನ್ನು ಹಗುರವಾಗಿ ಬರೆದು, ಕಾರ್ಡಿಗೆ ಮೆಲ್ಲಗೆ ಹೇಳುತ್ತಾಳೆ: “ಎಷ್ಟು ತಡವಾದ್ರೂ ಬಾರೇ, ಬೈಯಲ್ಲ.”