ಹಿಂಬಾಗಿಲಿನಿಂದ ಹೊರಟ ಸೈಕಲ್

ಪಂಕ್ಚರ್ ಹಾಕುವ ಸೊಲ್ಯೂಷನ್ನಿನ ವಾಸನೆಯನ್ನು ಕೆಟ್ಟದ್ದು ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಇಷ್ಟ ಎಂದು ಹೇಳಿಕೊಳ್ಳಲು ನಾಚಿಕೆ. ಹೋದ ತಿಂಗಳು ವಿದ್ಯಾನಗರದ ಸೈಕಲ್ ಅಂಗಡಿಯಲ್ಲಿ, ಅಮ್ಮನ ಹಳೆಯ ಲೇಡೀಸ್ ಸೈಕಲ್ಲನ್ನು ರಿಪೇರಿಗೆ ಬಿಟ್ಟು ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯವರು ಟ್ಯೂಬಿಗೆ ಪ್ಯಾಚ್ ಅಂಟಿಸಿದ ಮೇಲೆ ಅದನ್ನು ಕೂಡಲೇ ಒಳಗೆ ತುರುಕಲಿಲ್ಲ. ಟೈರಿನ ಒಳಮೈಗೆ ನಿಧಾನವಾಗಿ ಬೆರಳಾಡಿಸುತ್ತ ಒಂದು ಸುತ್ತು ಬಂದರು. "ಮುಳ್ಳು ಅಲ್ಲೇ ಇದ್ರೆ ಎಷ್ಟು ಪ್ಯಾಚ್ ಹಾಕಿದ್ರೂ ದಂಡ ಅಲ್ವಾ ಮೇಡಂ" ಎಂದರು. ನನಗೆ ಜೋರಾಗಿ ನಗು ಬಂತು, ನಗುತ್ತ ನಗುತ್ತಲೇ ಕಣ್ಣೂ ತುಂಬಿತು. ವಾಸನೆಗೆ ಹಾಗಾಗಿರಬೇಕೆಂದುಕೊಂಡು ಅವರು ನನಗೆ ಫ್ಯಾನಿನ ಕಡೆ ಸ್ಟೂಲ್ ಎಳೆದು ಹಾಕಿದರು.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ನಾನು ಚಿಕ್ಕವಳಿದ್ದಾಗ ಅವಳು ಭಾನುವಾರ ಬೆಳಗ್ಗೆ, ಅಪ್ಪ ಮಗ್ಗುಲು ಬದಲಿಸಿ ಎರಡನೇ ನಿದ್ದೆಗೆ ಇಳಿಯುವ ಹೊತ್ತಿಗೆ, ನನ್ನನ್ನು ಎಬ್ಬಿಸಿ ಸೈಕಲ್ ಹತ್ತಿಸುತ್ತಿದ್ದಳು. ಅವಳದು ದೊಡ್ಡ ಸೈಕಲ್, ನನ್ನದು ಚಿಕ್ಕದು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಆಚೀಚೆ ಮನೆಯವರು ಹಾಲಿನ ಪಾತ್ರೆ ಹಿಡಿದುಕೊಂಡೇ "ಎಲ್ಲಿಗೆ ಹೊರಟ್ರಿ?" ಎನ್ನುವರು. "ಎಲ್ಲಿಗೂ ಇಲ್ಲ" ಎಂದು ಅಮ್ಮ ಬೆಲ್ ಹೊಡೆಯುತ್ತ ಮುಂದೆ ಹೋಗುವಳು. ಗಂಡ ಮಲಗಿರುವಾಗ ಹೆಂಗಸೊಬ್ಬಳು ಎಲ್ಲಿಗೂ ಅಲ್ಲದ ಕಡೆಗೆ ಯಾಕೆ ಹೋಗುತ್ತಾಳೆ ಎಂಬುದು ನಮ್ಮ ಬೀದಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಒಮ್ಮೆ ಸಿಂಹಧಾಮವಿರುವ ತ್ಯಾವರೆಕೊಪ್ಪದ ಕಡೆ ಹೋದಾಗ ಸಿಂಹ ಗುಡುಗಿತೆಂದು ಅಮ್ಮ ಎದ್ದು ನಿಂತು ಪೆಡಲ್ ತುಳಿದಳು, ನಾನು ಅಳುತ್ತ ಹಿಂದೆ ತುಳಿದೆ. ಸುಮಾರು ದೂರ ಬಂದು ನಿಂತು ಕಿವಿಗೊಟ್ಟರೆ ಅದು ಯಾರದೋ ಹೊಲದ ಡೀಸೆಲ್ ಪಂಪು. ಅಮ್ಮನಿಗೆ ಇದ್ದದ್ದು ಒಂದೇ ನಿಯಮ, ಹೋದ ದಾರಿಯಲ್ಲಿ ವಾಪಸ್ ಬರಬಾರದು. "ನೋಡಿದ್ದನ್ನೇ ನೋಡ್ಕೊಂಡು ಬರೋಕೆ ಇಷ್ಟು ಬೇಗ ಯಾಕೆ ಏಳ್ಬೇಕಿತ್ತು?" ಎನ್ನುವಳು. ಈ ನಿಯಮದ ದೆಸೆಯಿಂದ ನಾವು ದಾರಿ ತಪ್ಪಿದ್ದೆಷ್ಟು, ಯಾರದೋ ಕಣದಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದೆಷ್ಟು!

ನನಗೆ ಹನ್ನೊಂದು ವರ್ಷವಾಗಿದ್ದಾಗ ಭದ್ರಾವತಿಯ ಅಜ್ಜ, ಅಮ್ಮನ ಅಪ್ಪ, ಫ್ಯಾಕ್ಟರಿಯಿಂದ ರಿಟೈರಾದರು. ಅಮ್ಮ ಹುಟ್ಟಿ ಬೆಳೆದ ಕ್ವಾರ್ಟರ್ಸನ್ನು ಖಾಲಿ ಮಾಡಬೇಕಾಯಿತು. ಭಾನುವಾರ ಹನ್ನೊಂದು ಗಂಟೆಗೆ ಸಾಮಾನಿನ ಲಾರಿ ತರೀಕೆರೆ ಕಡೆಯ ಊರಿಗೆ ಹೊರಡುತ್ತದೆಂದು ಸುದ್ದಿ ಬಂತು. ಅದು ಹೊರಡುವ ಮೊದಲು ಒಮ್ಮೆ ಮನೆಯನ್ನು ಇದ್ದ ಹಾಗೇ ನೋಡಬೇಕು ಎನ್ನುವುದು ಅಮ್ಮನ ಆಸೆ. ಅಜ್ಜಿಯ ಮಂಚ ಇದ್ದಲ್ಲೇ, ರೇಡಿಯೊ ಇದ್ದಲ್ಲೇ, ಅಡುಗೆಮನೆಯ ಡಬ್ಬಿಗಳು ಸಾಲಾಗಿ ಕೂತಿದ್ದ ಹಾಗೇ. ಬಸ್ಸಿಗೆ ಹೋಗಿ ಎಂದು ಅಪ್ಪ ಎಷ್ಟೋ ಹೇಳಿದರು. "ಈ ಸೈಕಲ್ ನಂಗೆ ಅಪ್ಪಾಜಿ ಕೊಡಿಸಿದ್ದು ಅಲ್ಲಿ. ಇದ್ರದ್ದೂ ತವರುಮನೆ ಅದೇ. ಇದೂ ನೋಡ್ಲಿ" ಎಂದು ಅಮ್ಮ ಹಟ ಹಿಡಿದಳು. ಆರು ಗಂಟೆಗೇ ಹೊರಟೆವು. ಹೊರಟ ಮೇಲೆ ಹೇಳುತ್ತಾಳೆ, ವಾಪಸ್ ಬರುವಾಗ ಸುಸ್ತಾಗಿರುತ್ತದೆ, ಮೇನ್ ರೋಡ್ ಆಗ ಇರಲಿ, ಈಗ ಸೋಗಾನೆಯ ಕಡೆಯಿಂದ ಒಳದಾರಿಯಲ್ಲಿ ಹೋಗೋಣ ಎಂದು.

ಈಗ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಆಗ ವಿಮಾನವೂ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ಮಣ್ಣುರಸ್ತೆ, ಎರಡೂ ಬದಿಗೆ ಬೇಲಿ, ಬೇಲಿಯ ತುಂಬ ಇಬ್ಬನಿ. ಆ ಬೆಳಗಿನ ತಂಪು ಈಗಲೂ ನನ್ನ ಮೊಣಕಾಲಿಗೆ ನೆನಪಿದೆ. ಊರು ದಾಟಿ ಚಾನಲ್ ಏರಿಯ ಮೇಲೆ ಸ್ವಲ್ಪ ದೂರ ಹೋಗಿದ್ದೇವೆ, ಅಮ್ಮನ ಹಿಂದಿನ ಚಕ್ರ ಕೂತುಬಿಟ್ಟಿತು. ಅಜ್ಜನ ಮಗಳು ಇದಕ್ಕೆಲ್ಲ ಹೆದರುವವಳಲ್ಲ. ಚೀಲದಿಂದ ಸ್ಪಾನರ್, ಸೊಲ್ಯೂಷನ್, ಪ್ಯಾಚ್, ಕೈಪಂಪು ತೆಗೆದಳು. ಟ್ಯೂಬನ್ನು ಚಾನಲ್ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬುಳುಬುಳು ಎದ್ದಿತು. ಒರೆಸಿ, ಉಜ್ಜಿ, ಅಂಟಿಸಿ, ಗಾಳಿ ಹೊಡೆದು, ಕೈ ತೊಳೆದುಕೊಂಡು ಗೆದ್ದವಳ ಹಾಗೆ ಹತ್ತಿದಳು. ಇನ್ನೂರು ಮಾರು ಹೋಗುವಷ್ಟರಲ್ಲಿ ಮತ್ತೆ ಚಕ್ರ ಕೂತಿತು. ಮತ್ತೆ ಬಿಚ್ಚಿದಳು, ಮತ್ತೆ ಅಂಟಿಸಿದಳು. ಮೂರನೇ ಸಲ ಕೂತಾಗ ಸೊಲ್ಯೂಷನ್ ಟ್ಯೂಬನ್ನು ಸುರುಳಿ ಸುತ್ತಿ ಹಿಂಡಿದರೂ ಒಂದು ಹನಿ ಬರಲಿಲ್ಲ. ಗಂಟೆ ಒಂಬತ್ತಾಗಿತ್ತು. ಸುತ್ತಮುತ್ತ ಒಂದು ಅಂಗಡಿಯಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ. "ಮೇನ್ ರೋಡಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಅಜ್ಜಿ ಕೈಯಲ್ಲಿ ತಿಂಡಿ ತಿಂತಿದ್ವಿ. ಎಲ್ಲಾ ನಿನ್ನಿಂದ" ಎಂದುಬಿಟ್ಟೆ. ಅಮ್ಮ ಸ್ಪಾನರು, ಪ್ಯಾಚುಗಳನ್ನು ಚೀಲಕ್ಕೆ ತುಂಬಿದಳು. ತಲೆ ತಗ್ಗಿಸಿ ಸೈಕಲ್ ತಳ್ಳಿದಳು. ಆ ಮಾತಿಗೆ ನನಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ನಾವು ತಲುಪಿದಾಗ ಹನ್ನೆರಡೂವರೆ. ಲಾರಿ ಹೋಗಿತ್ತು, ಅಜ್ಜಿಯೂ ಅದರಲ್ಲೇ ಹೋಗಿದ್ದರು. ಅಜ್ಜ ಒಬ್ಬರೇ ಬೀಗದ ಕೈ ಹಿಡಿದುಕೊಂಡು ಜಗಲಿಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು, "ಏನೇ ಗೌರಿ, ಸೈಕಲ್ ನಿನ್ನ ಕರ್ಕೊಂಡು ಬಂತಾ, ನೀನೇ ಸೈಕಲ್‌ನ ಕರ್ಕೊಂಡು ಬಂದ್ಯಾ?" ಎಂದರು. ಅಮ್ಮ ನಗಲಿಲ್ಲ. ಸೀದಾ ಒಳಗೆ ಹೋದಳು. ಗೋಡೆಯ ಮೇಲೆ ಕ್ಯಾಲೆಂಡರಿನಷ್ಟು ಅಗಲದ ಬಿಳಿ ಚೌಕ, ಕೆಂಪು ಗಾರೆಯ ನೆಲದಲ್ಲಿ ಮಂಚದ ಕಾಲಿನ ನಾಲ್ಕು ಗುರುತು, ಅಷ್ಟೇ. "ನೋಡೋಕೇ ಏನೂ ಉಳಿದಿಲ್ಲ ಅಪ್ಪಾಜಿ" ಎಂದು ಬಾಗಿಲಿಗೆ ಒರಗಿ ಚಿಕ್ಕ ಹುಡುಗಿಯ ಹಾಗೆ ಅತ್ತಳು. ಅಮ್ಮ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜ ಸಮಾಧಾನ ಮಾಡಲು ಬರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಸೆಲ್ವಕ್ಕನ ಮನೆಯಿಂದ ಸೊಲ್ಯೂಷನ್ ಇಸಿದುಕೊಂಡು ಬಂದು ಜಗಲಿಯ ಮೇಲೆ ಚಕ್ರ ಬಿಚ್ಚಿ ಕೂತರು. ಟೈರಿನೊಳಗೆ ಬೆರಳಾಡಿಸಿ ಒಂದು ಜಾಲಿಮುಳ್ಳಿನ ಚೂರು ಹೊರಗೆಳೆದು ಅಮ್ಮನ ಮುಂದೆ ಹಿಡಿದರು. "ನಾನು ಕಲಿಸಿದ್ದೇನು, ನೀನು ಮಾಡಿದ್ದೇನು ಮಾರಾಯ್ತಿ! ಇದನ್ನ ಒಳಗೇ ಕೂರಿಸ್ಕೊಂಡು ಊರೆಲ್ಲಾ ಸುತ್ತಿದ್ಯಲ್ಲ" ಎಂದರು. ಸೆಲ್ವಕ್ಕ ತಟ್ಟೆಯಲ್ಲಿ ಚಿತ್ರಾನ್ನ ತಂದವರು, "ಅಯ್ಯೋ, ಪಾವಂ, ಮೊದಲು ತಿನ್ನಕ್ಕೆ ಬಿಡಿ ಸಾರ್" ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅಜ್ಜನನ್ನೇ ಗದರಿದರು. ಬರಿಯ ನೆಲದ ಮೇಲೆ ಕೂತು ತಿಂದೆವು. ಆ ಚಿತ್ರಾನ್ನದಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ತಿಂದು ಕೈ ತೊಳೆದು ಬರುವಷ್ಟರಲ್ಲಿ ಅಜ್ಜ ಸೈಕಲ್ಲನ್ನು ಹೊಸ್ತಿಲು ದಾಟಿಸಿ ಹಾಲಿನ ಮಧ್ಯೆ ತಂದು ನಿಲ್ಲಿಸಿದ್ದರು. "ಹೈಸ್ಕೂಲಲ್ಲಿದ್ದಾಗ ಇದನ್ನ ಮನೆಯೊಳಗೆ ಹೊಡೀಬೇಕು ಅಂತ ಎಷ್ಟು ಗೋಳು ಹುಯ್ಕೊಂಡಿದ್ದೆ. ನೆಲ ಕೆಡುತ್ತೆ ಅಂತ ನಿಮ್ಮಮ್ಮ ಬಿಡ್ಲಿಲ್ಲ. ಈಗ ಹೊಡಿ, ಯಾರೂ ಬಯ್ಯಲ್ಲ" ಎಂದರು. ಅಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಹಾಲಿನಲ್ಲಿ ಒಂದು ಸುತ್ತು, ಎರಡು ಸುತ್ತು, ಅಜ್ಜಿಯ ಮಂಚವಿದ್ದ ಜಾಗದ ಮೇಲೆಯೇ ಹಾದು ಇನ್ನೊಂದು ಸುತ್ತು. ಖಾಲಿ ಕೋಣೆಗಳಲ್ಲಿ ಬೆಲ್ಲಿನ ಸದ್ದು ತುಂಬಿಹೋಯಿತು. ಕೊನೆಗೆ ತಲೆ ಬಗ್ಗಿಸಿ ಅಡುಗೆಮನೆ ಹೊಕ್ಕು, ಹಿಂಬಾಗಿಲ ಮೆಟ್ಟಿಲಿನಿಂದ ಧೊಪ್ಪೆಂದು ಹಿತ್ತಲಿಗೆ ಇಳಿದಳು. ಅಲ್ಲಿಂದ ಅವಳ ನಗು ಕೇಳಿತು. ನಾನೂ ನನ್ನ ಚಿಕ್ಕ ಸೈಕಲ್ ತಂದು ಹಾಗೇ ಹೋದೆ. ಚಕ್ರದ ಗುರುತನ್ನು ಒರೆಸಲು ಅಮ್ಮ ಬಟ್ಟೆ ಹುಡುಕಿದಾಗ ಅಜ್ಜ, "ಇರ್ಲಿ ಬಿಡು" ಎಂದು ಬೀಗ ಹಾಕಿದರು. ಮೇನ್ ರೋಡಿನಲ್ಲಿ ವಾಪಸ್ ಬರುವಾಗ ಅಮ್ಮ ನನ್ನ ಪಕ್ಕಕ್ಕೆ ಬಂದು, "ಹೊತ್ತಿಗೆ ಸರಿಯಾಗಿ ಹೋಗಿದ್ರೆ ಮನೆ ತುಂಬಾ ಸಾಮಾನಿರ್ತಿತ್ತು ಕಣೇ. ಸೈಕಲ್‌ಗೆ ಜಾಗ ಎಲ್ಲಿರ್ತಿತ್ತು?" ಎಂದಳು. ನನ್ನನ್ನು ಕ್ಷಮಿಸಿದ್ದನ್ನು ಅವಳು ಹೇಳಿದ್ದು ಹಾಗೆ.

ಮೊನ್ನೆ ಭಾನುವಾರ ಅದೇ ಸೈಕಲ್ ಹತ್ತಿ ಭದ್ರಾವತಿಗೆ ಹೋಗಿದ್ದೆ. ಆ ಕ್ವಾರ್ಟರ್ಸ್ ಸಾಲಿನಲ್ಲಿ ಈಗ ಯಾರೂ ಇಲ್ಲ. ಅಜ್ಜನ ಮನೆಗೆ ಚಾವಣಿಯಿಲ್ಲ, ಬಾಗಿಲುಗಳಿಲ್ಲ, ಗಾರೆಯ ಬಿರುಕಿನಲ್ಲಿ ಹುಲ್ಲು ಎದ್ದಿದೆ. ಸ್ವಲ್ಪ ಹೊತ್ತು ಹೊರಗೇ ನಿಂತಿದ್ದೆ. ಆಮೇಲೆ ಸೈಕಲ್ಲನ್ನು ಹೊಸ್ತಿಲು ದಾಟಿಸಿ, ಹತ್ತಿ, ಹಾಲಿನಲ್ಲಿ ಒಂದು ಸುತ್ತು ಹಾಕಿ ಬೆಲ್ ಹೊಡೆದೆ. ಚಾವಣಿಯಿಲ್ಲದ್ದರಿಂದ ಸದ್ದು ನಿಲ್ಲದೆ ಮೇಲೆ ಹೋಯಿತು. ಅಡುಗೆಮನೆಯ ಬಾಗಿಲಿದ್ದಲ್ಲಿ, ತಗುಲಲು ಏನೂ ಇಲ್ಲದಿದ್ದರೂ, ತಲೆ ಬಗ್ಗಿಸಿದೆ. ಧೊಪ್ಪೆಂದು ಹಿತ್ತಲಿಗೆ ಇಳಿದೆ. ಅಲ್ಲಿ ಸೈಕಲ್ಲಿನಿಂದ ಇಳಿದು ಎರಡೂ ಟೈರಿಗೆ ಮುಳ್ಳು ಹತ್ತಿದೆಯೇ ಎಂದು ಬೆರಳಾಡಿಸಿ ನೋಡಿ, ಬೇರೆ ದಾರಿ ಹಿಡಿದು ಮನೆಗೆ ಬಂದೆ.