ರಸ್ತೆಯ ನಡುವೆ ನೆಟ್ಟ ಮೇಟಿ

ಎಂಜಿನಿಯರಿಂಗ್ ಓದಿನ ಕೊನೆಯ ವರ್ಷ ಪ್ರಾಯೋಗಿಕ ತರಬೇತಿಗೆ ಯಾರು ಎಲ್ಲಿಗೆ ಎಂದು ಗೊತ್ತಾದ ದಿನ ನನ್ನ ಮುಖ ನೋಡುವ ಹಾಗಿರಲಿಲ್ಲವಂತೆ. ಗೆಳೆಯರಲ್ಲಿ ಅರ್ಧ ಜನಕ್ಕೆ ಕಬಿನಿ ಅಣೆಕಟ್ಟು ಸಿಕ್ಕಿತ್ತು. ಅಲ್ಲಿ ಕ್ರೇನು, ಕಾಂಕ್ರೀಟು, ಓಡಾಡಲು ಜೀಪು, ಸಂಜೆಗೆ ಬೋಂಡ ಕೊಡುವ ಕ್ಯಾಂಟೀನು. ನನಗೆ ಸಿಕ್ಕಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿ ರಸ್ತೆ. "ಹೋಗಿ ಮಣ್ಣು ಹೊತ್ತು ಬಾ" ಎಂದು ಛೇಡಿಸಿದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಿಳಿಕೆರೆ ದಾಟಿ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡದೆ ಕೂತಿದ್ದೆ. ಹುಣಸೂರಿನ ಕಚೇರಿಯಲ್ಲಿ ಹಾಜರಿ ಹಾಕಿದ ಮೇಲೆ ಜಲ್ಲಿ ತುಂಬಿದ ಲಾರಿಯೊಂದಕ್ಕೆ ನನ್ನನ್ನೂ ಹತ್ತಿಸಿ ಕಳಿಸಿದರು.

ರಸ್ತೆ ಎಂದರೆ ಇನ್ನೂ ರಸ್ತೆ ಅಲ್ಲ. ಜನ ಬರೀ ಕೋಟೆ ಎನ್ನುವ ಹೆಗ್ಗಡದೇವನಕೋಟೆಯ ದೊಡ್ಡ ರಸ್ತೆಯಿಂದ ಕವಲೊಡೆದು, ಒಂದು ಹಳ್ಳ ದಾಟಿ, ಹೊಲಗಳ ನಡುವೆ ಹಾದು, ಕಾಡಂಚಿನ ಊರೊಂದಕ್ಕೆ ಮುಟ್ಟಬೇಕಾದ ಮಣ್ಣಿನ ಏರಿ ಅಷ್ಟೆ. ಹಳ್ಳ ದಾಟಲು ಹೊಸ ಮೋರಿ, ಅಂದರೆ ಕಿರುಸೇತುವೆ, ಕಟ್ಟಿ ಮುಗಿದಿತ್ತು. ಕೆಲಸದ ಮೇಲ್ವಿಚಾರಣೆಗೆ ಇದ್ದವರು ಒಬ್ಬ ಓವರ್ಸಿಯರು. ಕೃಷ್ಣರಾಜನಗರದ ಗದ್ದೆ ಬಯಲಿನವರು, ತೂಕದ ಆಳು, ತೂಕದ ಮಾತು. ಮಣ್ಣು ಹೊರುವವರು, ಜಲ್ಲಿ ಒಡೆಯುವವರು ಎಲ್ಲ ಹತ್ತಿರದ ಬುಡಕಟ್ಟಿನವರ ಹಾಡಿಯ ಗಂಡಸರು ಹೆಂಗಸರು. ಹೊಗೆ ಉಗುಳುವ ಡೀಸೆಲ್ ರೋಲರಿನ ಡ್ರೈವರು ಮಾನಂದವಾಡಿ ಕಡೆಯ ಮಲಯಾಳಿ. ಅವರಿಗೆ ನಾನೂ 'ಸಾರೇ', ಓವರ್ಸಿಯರೂ 'ಸಾರೇ', ರೋಲರ್ ಕೆಟ್ಟು ನಿಂತರೆ ಅದೂ 'ಸಾರೇ'.

ನನ್ನ ಪಾಲಿಗೆ ಬಂದದ್ದು ರಸ್ತೆಯ ನಡುಗೆರೆ ಗುರುತು ಮಾಡುವ ಕೆಲಸ. ದುರ್ಬೀನು ಇಟ್ಟು, ಟೇಪು ಹಿಡಿದು, ಇಂತಿಷ್ಟು ಅಂತರಕ್ಕೆ ಒಂದರಂತೆ ಮರದ ಗೂಟ ಬಡಿದುಕೊಂಡು ಹೋಗುವುದು. ಊರು ಇನ್ನೇನು ಬಂತು ಎನ್ನುವಲ್ಲಿ ಕೊನೆಯ ಗೂಟಗಳನ್ನು ಬಡಿದು, ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಒಂದು ಗೂಟವೇ ಮಾಯ. ಅದರ ಜಾಗದಲ್ಲಿ ಎದೆಯೆತ್ತರದ ದಪ್ಪ ಕಂಬ. ಸುತ್ತಲ ನೆಲಕ್ಕೆ ಸಗಣಿ ಬಗ್ಗಡ ಬಳಿದು ಕನ್ನಡಿಯ ಹಾಗೆ ಮಾಡಿದ್ದರು. ಅದು ರಾಗಿ ಒಕ್ಕುವ ಕಣ, ನಡುವಿನದು ಎತ್ತು ಕಟ್ಟಿ ಸುತ್ತಿಸುವ ಮೇಟಿ.

ನಾನು ಕೂಗಾಡಿದೆ. ಕಣದ ಪಕ್ಕದ ಮನೆಯಿಂದ ಒಬ್ಬ ಮುದುಕಿ ಸಾವಕಾಶವಾಗಿ ಬಂದರು. ಊರೆಲ್ಲ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತಿತ್ತು. ಸೆರಗಿನಲ್ಲಿದ್ದ ನನ್ನ ಗೂಟವನ್ನು ತೆಗೆದು ತೋರಿಸಿದರು.

"ನಿನ್ ಗೂಟ ಎಲ್ಲಿತ್ತೋ ಅಲ್ಲೇ ನೆಟ್ಟಿವ್ನಿ ಕಣ್ ಮಗ. ಒಂದ್ ಬೆಳ್ಳಷ್ಟೂ ಆಚೀಚೆ ಆಗಿಲ್ಲ, ಬೇಕಾದ್ರೆ ನಿನ್ ದುರ್ಬೀನಾಗೆ ನೋಡ್ಕೊ. ನಿಂದು ಗೇಣುದ್ದ ಐತೆ, ಎತ್ತು ಎಳೆದ್ರೆ ಕಿತ್ಕೊಂಡ್ ಬತ್ತದೆ."

ಮೈಯೆಲ್ಲ ಉರಿಯಿತು. ಆದರೂ ದುರ್ಬೀನಿನಲ್ಲಿ ನೋಡಿದೆ. ಮೇಟಿ ನಿಜವಾಗಿಯೂ ಗೆರೆಯ ಮೇಲೇ ಇತ್ತು. ಓವರ್ಸಿಯರ ಹತ್ತಿರ ದೂರು ಒಯ್ದರೆ ಅವರು ತಲೆ ಕೆರೆದುಕೊಂಡರು.

"ಮಾತು ಕೊಟ್ಬಿಟ್ಟಿದ್ದೀನಿ ಕಣ್ರೀ. ರಸ್ತೆ ಬರ್ಲಿ ಅಂತ ಆಯಮ್ಮ ಕಣದ ಜಾಗಾನೇ ಬಿಟ್ಕೊಟ್ಟವ್ರೆ. ಈ ವರ್ಷದ ರಾಗಿ ಒಂದು ಒಕ್ಕೋವರ್ಗೂ ಅದನ್ನ ಮುಟ್ಟಲ್ಲ ಅಂದಿದ್ದೀನಿ. ನೀವು ಆಚೆ ಈಚೆ ಕೆಲಸ ಮಾಡ್ಕೊಳ್ಳಿ."

ಹಾಗೆ ಆ ಊರಿನ ರಸ್ತೆ ಕಣದ ಈಚೆಗೂ ಬಂತು, ಆಚೆಗೂ ಹೋಯಿತು, ಕಣದ ಹತ್ತಿರ ಮಾತ್ರ ಸುಮ್ಮನೆ ನಿಂತುಕೊಂಡಿತು. ದೊಡ್ಡವ್ವನ ಮಗ ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೋಗಿದ್ದ. ಮನೆಯಲ್ಲಿ ಹಸುಗೂಸಿನ ತಾಯಿಯಾದ ಸೊಸೆ, ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು, ಹಿತ್ತಿಲಲ್ಲಿ ರಾಗಿ ತೆನೆಯ ಮೆದೆ. ಇರುವ ತುಂಡು ಹೊಲದಲ್ಲಿ ಬೆಳೆದ ಆ ಮೆದೆಯೇ ಮನೆಯ ವರ್ಷದ ಊಟ. ದಿನಾ ನಮ್ಮ ಏರಿಯ ಮೇಲೆ ಬಂದು ನಿಂತು, ನಡು ಉಬ್ಬಿ ಎರಡು ಬದಿಗೂ ಇಳಿಜಾರಾಗಿದ್ದ ಮಣ್ಣನ್ನು ನೋಡಿ ದೊಡ್ಡವ್ವ ನಗುತ್ತಿದ್ದರು.

"ಇದೇನ್ ಮಗ, ಗೂನ್ ಬೆನ್ ಮಾಡಿದ್ದೀಯ?"

ಮಳೆ ನೀರು ನಿಲ್ಲದೆ ಹರಿದು ಹೋಗಲು ಎಂದು ನಾನು ಪುಸ್ತಕದ ಪಾಠ ಒಪ್ಪಿಸಿದೆ. "ನೀನೂ ಪರ್ವಾಗಿಲ್ಲ ಬುಡು" ಎಂದರು. ಕಾಲೇಜಿನಲ್ಲಿ ಯಾರೂ ನನಗೆ ಹಾಗೆ ಹೇಳಿದವರಲ್ಲ. ಅವತ್ತಿನಿಂದ ಮಧ್ಯಾಹ್ನದ ಮುದ್ದೆ, ಹುರುಳಿ ಸಾರು ಅವರ ಜಗುಲಿಯಲ್ಲೇ ಆಯಿತು. ಮುದ್ದೆಯನ್ನು ಅಗಿಯದೆ ನುಂಗಲು ನನಗೆ ಬರುತ್ತಿರಲಿಲ್ಲ. ಅವರೂ ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ನಾನು ಹಟ ಹಿಡಿದು ಅಗಿಯುತ್ತಿದ್ದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ದೊಡ್ಡವ್ವ ಮೆದೆ ಬಿಚ್ಚಿ ತೆನೆಯನ್ನೆಲ್ಲ ಕಣದ ತುಂಬ ಹರವಿದರು. ಮಾರನೆಯ ದಿನ ಒಕ್ಕಣೆ ಎಂದು ಗೊತ್ತಾಗಿತ್ತು. ಅವತ್ತೇ ಸಂಜೆ ನೀರಿಗೆ ಹೋಗಿದ್ದ ಎತ್ತುಗಳಲ್ಲಿ ಒಂದು, ರಸ್ತೆ ಬದಿಯಲ್ಲಿ ನಾವು ಸುರಿದಿದ್ದ ಜಲ್ಲಿಯ ಮೇಲೆ ಕಾಲಿಟ್ಟು ಗೊರಸು ಸೀಳಿಕೊಂಡಿತು. ಊರಿನ ಬೇರೆ ಎತ್ತುಗಳು ಸಿಗುವ ಹಾಗಿರಲಿಲ್ಲ. ಆಕಾಶದಲ್ಲಿ ಹೊತ್ತಲ್ಲದ ಹೊತ್ತಿನ ಮೋಡ ಕಾಣಿಸಿಕೊಂಡು, ಎಲ್ಲರೂ ತಂತಮ್ಮ ಕಣದಲ್ಲಿ ಗಡಿಬಿಡಿಯಲ್ಲಿದ್ದರು. ಅದೂ ಸಾಲದೆಂಬಂತೆ ಹುಣಸೂರಿನಿಂದ ಜೀಪು ಬಂತು. ಶನಿವಾರ ರೋಲರ್ ಪಿರಿಯಾಪಟ್ಟಣಕ್ಕೆ ಹೊರಡಬೇಕು ಎಂದು ಆಜ್ಞೆ. ಆಗಲೇ ಗುರುವಾರ ಸಂಜೆ. ಆ ಕಾಲದಲ್ಲಿ ಸುತ್ತಮುತ್ತಲ ತಾಲ್ಲೂಕುಗಳಿಗೆಲ್ಲ ಇದ್ದದ್ದು ಆ ಒಂದೇ ರೋಲರ್. ಕೈಬಿಟ್ಟು ಹೋದರೆ ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕಣದ ಜಾಗ ಹಾಗೇ ಉಳಿದರೆ ಮಳೆಗಾಲಕ್ಕೆ ಅದು ಕೆಸರಿನ ಹೊಂಡ. ಊರಿನ ಹೊಸ್ತಿಲಿಗೆ ಬಂದ ರಸ್ತೆ ಊರಿಗೆ ಬಾರದೇ ನಿಲ್ಲುತ್ತಿತ್ತು.

ದೊಡ್ಡವ್ವನಿಗೆ ಈ ಸುದ್ದಿ ಹೇಳಲು ಓವರ್ಸಿಯರಿಗೆ ಮುಖವಿರಲಿಲ್ಲ. "ನೀವೇ ಒಂದ್ಮಾತು ಹೇಳ್ಬಿಡ್ರಿ. ನಿಮ್ಮನ್ನ ಕಂಡ್ರೆ ಅವರಿಗೆ ಅಕ್ಕರೆ" ಎಂದು ನನ್ನನ್ನು ಮುಂದೆ ತಳ್ಳಿದರು.

ದೊಡ್ಡವ್ವ ಕೊಟ್ಟಿಗೆಯಲ್ಲಿ ಎತ್ತಿನ ಕಾಲಿಗೆ ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ನಾನು ಹೇಳಿದ್ದನ್ನು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ರೋಲರ್ ಓದ್ರೆ ಮತ್ತೆ ಯಾವಾಗ ಬತ್ತದೆ?"

"ಹೇಳೋಕೆ ಆಗಲ್ಲ. ಮುಂದಿನ ವರ್ಷ ಬಂದರೂ ಬರಬಹುದು."

ಸ್ವಲ್ಪ ಹೊತ್ತು ಎತ್ತಿನ ಕಾಲನ್ನೇ ನೇವರಿಸಿದರು. "ಅಂಗಾರೆ ತೆನೆ ಎಲ್ಲಾ ಎಳ್ದು ಪಕ್ಕಕ್ಕೆ ಆಕ್ಬುಡಿ ಮಗ. ದಾರಿ ನಿಲ್ಬಾರ್ದು."

ಒಣಗಿದ ತೆನೆ ಎಳೆದು ಹಾಕಿದರೆ ಅರ್ಧ ರಾಗಿ ಉದುರಿ ಮಣ್ಣುಪಾಲು, ಉಳಿದದ್ದು ಮಳೆಪಾಲು. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹೊರಗೆ ಬಂದಾಗ ಸೊಸೆ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರೇ ಮೆಲ್ಲಗೆ ಹೇಳಿದರು:

"ನಮ್ ಮಾವನ್ಗೆ ಒಟ್ಟೆನೋವು ಬಂದು ಊರೋರು ಕಂಬ್ಳೀಲಿ ಒತ್ಕೊಂಡ್ ಓದ್ರು ಅಣ್ಣ, ಕೋಟೆ ಆಸ್ಪತ್ರೆಗೆ. ಅಳ್ಳ ತುಂಬಿತ್ತು. ನೀರ್ ಇಳೀಲಿ ಅಂತ ದಡದಾಗೆ ಕಾದ್ರು. ಮಾವ ಅಲ್ಲೇ ಪ್ರಾಣ ಬುಟ್ರು. ಅವತ್ತಿಂದ ಅತ್ತೆಗೆ ಒಂದೇ ಮಾತು, ದಾರಿ, ದಾರಿ."

ಆ ಹಳ್ಳಕ್ಕೆ ನಾವು ಕಟ್ಟಿದ್ದ ಮೋರಿಯ ಮೇಲೆ ಕೂತು ನಾನು ದಿನಾ ಬೀಡಿ ಸೇದುತ್ತಿದ್ದೆ. ಅವತ್ತು ಆ ಕಡೆ ಹೋಗಲು ಮನಸ್ಸಾಗಲಿಲ್ಲ. ಅಳು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಎತ್ತಿನ ಮೇಲೆ, ಜಲ್ಲಿಯ ಮೇಲೆ, ಮೋಡದ ಮೇಲೆ, ಪಿರಿಯಾಪಟ್ಟಣದ ಮೇಲೆ ಕೂಡ ಸಿಟ್ಟು ಬಂತು.

ನಮ್ಮ ಟೆಂಟಿನ ಪಕ್ಕದಲ್ಲಿ ಕೈ ರೋಲರ್ ಒಂದು ಬಿದ್ದಿತ್ತು. ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿದ ಉರುಟು ಕಲ್ಲು. ದೊಡ್ಡ ರೋಲರ್ ಹೋಗಲಾರದ ಅಂಚುಗಳಲ್ಲಿ ಜನ ಹಗ್ಗ ಕಟ್ಟಿ ಎಳೆಯಲಿಕ್ಕೆ ಇದ್ದದ್ದು. ನೋಡಿದರೆ ಅದು ಊರವರು ಎತ್ತಿನ ಹಿಂದೆ ಕಟ್ಟುವ ಒಕ್ಕಣೆ ಕಲ್ಲುಗುಂಡಿನ ಅಣ್ಣನ ಹಾಗೇ ಇತ್ತು. ಓವರ್ಸಿಯರ ಬಳಿ ಓಡಿ, "ಎತ್ತು ಇಲ್ಲದಿದ್ದರೆ ನಾವೇ ಎಳೆಯೋಣ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸರ್ಕಾರಿ ಸಾಮಾನು, ಸರ್ಕಾರಿ ಆಳು, ಖಾಸಗಿ ರಾಗಿ. ಎಲ್ಲವೂ ಅವರ ಮುಖದ ಮೇಲೆ ಹಾದುಹೋಯಿತು. ಆಮೇಲೆ ಎದ್ದು ಬೂಟು ಬಿಚ್ಚತೊಡಗಿದರು.

"ಕಣಕ್ಕೆ ಬೂಟು ಹಾಕ್ಕೊಂಡು ಹೋಗಬಾರ್ದು ಕಣ್ರೀ. ನಾಳೆ ಬೆಳಿಗ್ಗೆ ನೀವೂ ಬಿಚ್ಚಿ. ಕಣ ಖಾಲಿ ಆಗದೆ ರಸ್ತೆ ಆಗಲ್ಲ, ಅಂದ್ಮೇಲೆ ಇದೂ ರಸ್ತೆ ಕೆಲಸವೇ."

ಶುಕ್ರವಾರ ಬೆಳಿಗ್ಗೆ ಕೈ ರೋಲರನ್ನು ಕಣದ ಅಂಚಿಗೆ ತಂದೆವು. ದೊಡ್ಡವ್ವ ಅದನ್ನು ಹಾಗೇ ಒಳಗೆ ಬಿಡಲಿಲ್ಲ. ಕಂಡಕಂಡ ಕಡೆ ಉರುಳಿದ ಕಲ್ಲು ಎಂದು ಕೊಡಗಟ್ಟಲೆ ನೀರು ಹುಯ್ಯಿಸಿ ತೊಳೆಸಿ, ಒಣಗಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟರು. ಹಾಡಿಯವರು ಹಗ್ಗ ಹಿಡಿದು ಬಂದು ಅಂಚಿನಲ್ಲೇ ನಿಂತುಬಿಟ್ಟರು. ಅವರಲ್ಲಿ ಹಿರಿಯನೊಬ್ಬ ಕೇಳಿದ:

"ನಾವ್ ಒಳೀಕೆ ಬರಬೌದಾ ದೊಡ್ಡವ್ವ?"

"ಎತ್ತು ಬರೋ ಕಡೆ ಮನುಷ್ರು ಬರಬಾರ್ದಾ? ಬನ್ರಪ್ಪ, ವೊತ್ತಾಯ್ತದೆ."

ಕೈ ರೋಲರಿಗೆ ಕಟ್ಟಿದ ಹಗ್ಗ ಎಳೆಯುತ್ತ ಮೇಟಿಯ ಸುತ್ತ ತಿರುಗತೊಡಗಿದೆವು. ಓವರ್ಸಿಯರು ಪಂಚೆ ಎತ್ತಿಕಟ್ಟಿ ಮುಂದೆ, ನಾನು ನಡುವೆ, ಹಾಡಿಯವರು ಹಿಂದೆ ಮುಂದೆ. ರೋಲರ್ ಡ್ರೈವರು ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿ, "ಎಂದಾ ಸಾರೇ ಇದು, ಏನಿದು!" ಎನ್ನುತ್ತ ಬಂದು ಅವರೂ ಹಗ್ಗಕ್ಕೆ ಕೈ ಹಾಕಿದರು. ಹೆಂಗಸರು ಕವೆಗೋಲಿನಲ್ಲಿ ತೆನೆ ತಿರುವಿ ಹಾಕುತ್ತಿದ್ದರು. ನನ್ನ ಅಂಗೈ ಬೊಬ್ಬೆ ಎದ್ದು ಒಡೆಯಿತು. ಹುಲ್ಲಿನ ದೂಳಿಗೆ ಮೈಯೆಲ್ಲ ನವೆ. ದೊಡ್ಡವ್ವ ಹಿಂದಿನಿಂದ "ವೋ... ವೋ..." ಎಂದು ಎತ್ತಿಗೆ ಕೂಗುವ ಹಾಗೇ ಕೂಗಿ, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಎಲ್ಲರೂ ನಕ್ಕು ನಕ್ಕು ಹಗ್ಗ ಸಡಿಲ ಬಿಟ್ಟರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೋಡ ದಟ್ಟವಾಗಿ ಗಾಳಿ ಎದ್ದಿತು. ಎಲ್ಲ ಕೆಟ್ಟಿತು ಎಂದು ನಾನು ಅಂದುಕೊಂಡೆ. ದೊಡ್ಡವ್ವ ಮಾತ್ರ ಮೊರ ಎತ್ತಿಕೊಂಡು ಗಾಳಿಗೆ ಬೆನ್ನು ಕೊಟ್ಟು ನಿಂತೇಬಿಟ್ಟರು. ತೂರಲಿಕ್ಕೆ ಅದೇ ಗಾಳಿ ಬೇಕಿತ್ತು. ಹೊಟ್ಟು ಹಾರಿ ಹೋಗಿ ರಾಗಿ ಕಾಲಬುಡದಲ್ಲಿ ಕೆಂಪಗೆ ಗುಡ್ಡೆಯಾಯಿತು. ದೀಪ ಹಚ್ಚುವ ಹೊತ್ತಿಗೆ ತೂರಿ ಮುಗಿದು, ಡ್ರೈವರು ತಮ್ಮ ರೋಲರಿಗೆ ಹೊದಿಸುವ ಟಾರ್ಪಾಲನ್ನು ತಂದು ರಾಶಿಗೆ ಹೊದಿಸಿದರು. ಮಳೆ ಬಂತು, ಬಹಳ ಅಲ್ಲ. ಟಾರ್ಪಾಲಿನ ಮೇಲೆ ಅದು ಬೀಳುವ ಸದ್ದು ಕೇಳುತ್ತ ನಾನು ಟೆಂಟಿನಲ್ಲಿ ಹಾಯಾಗಿ ನಿದ್ದೆ ಹೋದೆ.

ಶನಿವಾರ ರಾಶಿ ಪೂಜೆ. ಆ ಸೀಮೆಯಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ದೊಡ್ಡವ್ವ "ಲಾಭ" ಎಂದು ಮೊದಲ ಕೊಳಗ ಸುರಿದರು. ಮನೆಯ ಪಾಲು ಅಳೆದ ಮೇಲೆ ಆಯ ಕೊಡುವ ಸರದಿ. ವರ್ಷವಿಡೀ ಊರಿಗೆ ದುಡಿಯುವ ಬಡಗಿ, ಕಮ್ಮಾರ, ಅಗಸರಿಗೆ ಕಣದಲ್ಲೇ ರಾಗಿ ಕೊಡುವುದು ಅಲ್ಲಿಯ ಪದ್ಧತಿ. ಅವರ ಜೊತೆಗೆ ಹಾಡಿಯವರಿಗೂ, ಡ್ರೈವರಿಗೂ, ಬೇಡ ಬೇಡ ಎಂದ ಓವರ್ಸಿಯರಿಗೂ ಮೊರದಲ್ಲಿ ಹಾಕಿದರು. ನಾನು ಟವೆಲ್ ಒಡ್ಡಿದೆ. ನಾನು ಬೆವರು ಸುರಿಸಿ ಗಳಿಸಿದ ಮೊದಲ ಸಂಬಳ ಅದು. ಆಮೇಲೆ ಎಷ್ಟೋ ವರ್ಷ ಸಂಬಳ ತಗೊಂಡೆ, ಅಷ್ಟು ಹೆಮ್ಮೆ ಮತ್ತೆ ಆಗಲಿಲ್ಲ.

ಕಣ ಖಾಲಿಯಾಯಿತು. ದೊಡ್ಡವ್ವ ಮೇಟಿ ಕೀಳಿಸಿ, ಅದೇ ಕುಳಿಗೆ ಮಣ್ಣು ತುಂಬಿ, ನನ್ನ ಗೂಟವನ್ನು ಕೈಗೆ ಕೊಟ್ಟರು. ಅಳತೆ ನೋಡಿ ಮಣ್ಣು ಏರಿಸಿ, ನಡು ಉಬ್ಬಿಸಿ, ಗೂಟ ಕಿತ್ತು ರೋಲರಿಗೆ ದಾರಿ ಬಿಟ್ಟೆವು. ಡ್ರೈವರು ಆಗಲೇ ಹೊರಡಬೇಕಿತ್ತು. "ತಡ ಯಾಕೆ ಅಂತ ಕೇಳಿದರೆ ಎಂಜಿನಿಗೆ ಹುಷಾರಿರಲಿಲ್ಲ ಅಂತೀನಿ ಸಾರೇ" ಎಂದು ಹತ್ತಿ ಕೂತರು. ಗಡಗಡ ಸದ್ದು ಮಾಡುತ್ತ ರೋಲರ್ ಕಣದ ಜಾಗದ ಮೇಲೆ ಹಿಂದೆ ಮುಂದೆ ಓಡಾಡಿತು. ಕೊನೆಯ ಸುತ್ತಿಗೆ ಊರ ಕಡೆಯಿಂದ ಹೊರಟಾಗ ದೊಡ್ಡವ್ವ ಅಡ್ಡ ಬಂದರು. ಕೈಯಲ್ಲಿ ಒಂದು ಮೊರ ರಾಗಿ. ಮೇಟಿ ಇದ್ದ ಜಾಗದಲ್ಲಿ ಅದನ್ನು ಸುರಿದು, ಅರಿಶಿನ ಕುಂಕುಮ ಇಟ್ಟು ಪಕ್ಕಕ್ಕೆ ಸರಿದರು.

ಡ್ರೈವರು ಬ್ರೇಕು ಹಾಕಿ ಇಳಿದೇಬಿಟ್ಟರು. "ತಿನ್ನೋ ಕಾಳಿನ ಮೇಲೆ ಹೇಗೆ ಹತ್ತಿಸಲಿ ಅಮ್ಮಾ?"

"ಅತ್ತಿಸಪ್ಪ. ಊರ್ಗೆ ಗೇಯೋರಿಗೆಲ್ಲ ಆಯ ಕೊಟ್ಟೆ. ಇನ್ಮೇಕೆ ಗೇಯೋದು ಈ ದಾರೀನೇ ಅಲ್ವಾ, ಇದ್ಕೂ ಕೊಡ್ಬೇಡ್ವಾ?" ಎಂದರು. ಆಮೇಲೆ ರಸ್ತೆಯನ್ನೇ ನೋಡುತ್ತ, "ನಮ್ ಯಜಮಾನ್ರು ಓದಾಗ ಇದು ಇರ್ನಿಲ್ಲ" ಎಂದರು.

ಡ್ರೈವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮತ್ತೆ ಹತ್ತಿದರು. ರೋಲರ್ ನಿಧಾನವಾಗಿ ರಾಗಿಯ ಮೇಲೆ ಹಾದು, ಹೊಸ ಮಣ್ಣಿನ ಗುಂಟ ಹಳ್ಳದ ಕಡೆ ಹೊರಟಿತು. ಓವರ್ಸಿಯರು ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದರು. ದೊಡ್ಡವ್ವ ಯಾರನ್ನೂ ನೋಡದೆ ಅದರ ಹಿಂದೆಯೇ ನಡೆಯತೊಡಗಿದರು. ಹಳ್ಳದವರೆಗೂ ಹೋಗಿ, ಮೋರಿಯ ಮೇಲೆ ಕಾಲಿಟ್ಟು, ಆ ದಡಕ್ಕೆ ದಾಟಿದರು.