ಅಜ್ಜನ ಬೆಲ್ಟಿನ ಹಿತ್ತಾಳೆ ಬಕಲ್

ಮರುದಿನ ಆಯುಧಪೂಜೆ. ದೇವರ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಾಗ ಪೆರ್ಲದಿಂದ ಮೈದುನನ ಫೋನು ಬಂತು. ಮಾವನ ತಂದೆ ಬ್ರಿಟಿಷರ ಸೈನ್ಯದಲ್ಲಿ ಕಟ್ಟುತ್ತಿದ್ದ ಬೆಲ್ಟಿನ ಬಕಲನ್ನು ಒಯ್ದು ಅಚ್ಚು ತೆಗೆಸಿ, ಅವನು ತನಗೂ ಅಂಥದೊಂದು ಎರಕ ಹೊಯ್ಯಿಸಿದ್ದ.

"ಅತ್ತಿಗೆ, ಎಂತ ಮಾಡುವುದು? ಎರಡೂ ಒಂದೇ ಹಾಗೆ ಉಂಟು. ಅಜ್ಜನದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅಪ್ಪನಿಗೆ ಹೇಳಬೇಡಿ."

ಮಾವ ವರ್ಷವೂ ಆ ಬಕಲನ್ನು ಕತ್ತಿ, ಹೆರೆಮಣೆಗಳ ಜೊತೆ ಇಟ್ಟು ಹೂ ಹಾಕುವವರು. ಅವರಿಗೀಗ ಕಣ್ಣು ಮಂಜು, ಯಾವುದನ್ನಿಟ್ಟರೂ ತಿಳಿಯದು. ಆದರೆ ದೇವರ ಮುಂದೆ ಆ ಮೋಸ ನನ್ನಿಂದಾಗದು.

ಸಂಜೆ ಮೈದುನ ಎರಡನ್ನೂ ತಂದ. ವರ್ಷವರ್ಷ ತಿಕ್ಕಿದ ನನಗೆ ಅಜ್ಜನ ಬಕಲಿನ ಮೂಲೆಯ ಗೀರು ಗೊತ್ತಿತ್ತು. ನೋಡಿದರೆ ಎರಡರಲ್ಲೂ ಅದೇ ಗೀರು. ಅಚ್ಚಿನಲ್ಲಿ ಅದೂ ಇಳಿದಿತ್ತು. ಕಪಾಟಿನಿಂದ ಅಜ್ಜನ ಬಟ್ಟೆಯ ಬೆಲ್ಟನ್ನು ತೆಗೆದೆ. ಗೆದ್ದಲು ಅದನ್ನು ಮುಟ್ಟದಿದ್ದುದು ದೇವರ ದಯೆ. ಒಂದು ಬಕಲಿನೊಳಗೆ ಬೆಲ್ಟು ಸಲೀಸಾಗಿ ಜಾರಿತು. ಇನ್ನೊಂದರಲ್ಲಿ ಅಂಚು ಮಡಚಿ ಸಿಕ್ಕಿಕೊಂಡಿತು. ಹೊಯ್ದ ಹಿತ್ತಾಳೆ ತಣಿಯುವಾಗ ಕುಗ್ಗುತ್ತದೆ, ಹಾಗಾಗಿ ನಕಲು ಕೂದಲೆಳೆಯಷ್ಟು ಚಿಕ್ಕದು.

"ಜಾರಿದ್ದೇ ಅಜ್ಜನದ್ದು," ಎಂದು ಮೆಲ್ಲಗೆ ಹೇಳಿದೆ.

"ಸರಿ, ಅದನ್ನು ಇತ್ತ ಕೊಡು," ಎಂದರು ಬಾಗಿಲಲ್ಲಿ ನಿಂತಿದ್ದ ಮಾವ. ಫೋನಿನಲ್ಲಿ ಮಗನ ಗಟ್ಟಿ ದನಿ ಅವರಿಗೆ ಜಗಲಿಯವರೆಗೂ ಕೇಳಿತ್ತಂತೆ. ಬಕಲಿನ ಮೇಲೆ ಬೆರಳಾಡಿಸುತ್ತ ಮಗನತ್ತ ತಿರುಗಿದರು. "ನಿನ್ನದಕ್ಕೆ ನಿನ್ನ ಮನೆಯಲ್ಲೇ ಹೂ ಹಾಕು ಮಾರಾಯ."

ಮೈದುನ ನಕ್ಕ. ನಾನು ನಾಳೆಯ ದೋಸೆಗೆ ಅಕ್ಕಿ ರುಬ್ಬಲು ಒಳಗೆ ಹೋದೆ.